ಹಾಸಿಗೆ ಕೊಳ್ಳುವ ಮೊದಲು ತೂಗಿ ನೋಡಿ

ಮಾನ್ಯ ಸಂಪಾದಕರೇ,

ದಸರೆ ಹತ್ತಿರವಾಯಿತೆಂದರೆ ಸಾಕು, ಪತ್ರಿಕೆಯ ಮೊದಲ ಪುಟದಲ್ಲೇ ಹಾಸಿಗೆ ಹಾಸಿರುತ್ತದೆ. ‘8 ಇಂಚು ದಪ್ಪ’, ‘10 ವರ್ಷ ವಾರಂಟಿ’, ‘ಎರಡು ದಿಂಬು ಉಚಿತ’, ‘ಹಳೆಯದು ಕೊಡಿ, ಹೊಸದು ಒಯ್ಯಿರಿ’. ಇಂಚು, ವರ್ಷ, ರಿಯಾಯಿತಿ ಎಲ್ಲವೂ ದಪ್ಪಕ್ಷರದಲ್ಲಿ. ತೂಕ ಮಾತ್ರ ಹುಡುಕಿದರೂ ಸಿಗುವುದು ಅಪರೂಪ. ಅಕ್ಕಿ, ಸಕ್ಕರೆ, ಮೊಳೆ, ಕಡೆಗೆ ರದ್ದಿ ಕಾಗದವನ್ನೂ ತೂಗಿಸಿ ನೋಡುವ ನಾವು, ಹತ್ತು ವರ್ಷ ಮೈ ಚೆಲ್ಲಬೇಕಾದ ಹಾಸಿಗೆಯನ್ನು ಅಂಗೈಯಿಂದ ನಾಲ್ಕು ಸಲ ಒತ್ತಿ ನೋಡಿ ಕೊಂಡು ಬರುತ್ತೇವೆ. ಹಾಸಿಗೆಯಿರಲಿ, ದಿಂಬಿರಲಿ, ಹಾಸುವ ಬಟ್ಟೆಯಿರಲಿ, ಒಳಗೆ ಎಷ್ಟು ಸರಕು ಬಿದ್ದಿದೆ ಅನ್ನುವುದನ್ನು ದಪ್ಪ ಹೇಳುವುದಿಲ್ಲ, ತೂಕ ಹೇಳುತ್ತದೆ. ಗಾದಿ ಕಟ್ಟುವ ಕಸುಬಿನವರಿಗೆ ಇದು ಗುಟ್ಟೇನಲ್ಲ. ಕೊಳ್ಳುವವರಿಗೂ ತಿಳಿದಿರಲಿ ಎಂದು ಈ ಪತ್ರ.

ಮೊದಲು ಫೋಮ್. ಈಗ ಹೆಚ್ಚು ಮಾರಾಟವಾಗುವುದೂ ಅದೇ, ಹೆಚ್ಚು ಮೋಸ ಹೋಗುವುದೂ ಅದರಲ್ಲೇ. ಫೋಮ್ ಎಂದರೆ ಮುಕ್ಕಾಲು ಪಾಲಿಗಿಂತ ಹೆಚ್ಚು ಗಾಳಿ. ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಎಂಬುದೇ ಅದರ ಡೆನ್ಸಿಟಿ. ಅಂಗಡಿಯಲ್ಲಿ ‘32 ಡೆನ್ಸಿಟಿ’, ‘40 ಡೆನ್ಸಿಟಿ’ ಎನ್ನುವುದು ಇದನ್ನೇ. ಟಿವಿ, ಫ್ರಿಜ್ಜಿನ ಡಬ್ಬಿಯೊಳಗೆ ತುರುಕುವಂಥ 16–18 ಡೆನ್ಸಿಟಿಯ ಫೋಮನ್ನು ಒಳ್ಳೆಯ ಬಟ್ಟೆಯಲ್ಲಿ ಹೊಲಿದು ಎಂಟಿಂಚು ಎತ್ತರ ಮಾಡಿಟ್ಟರೆ, ಅಂಗಡಿಯಲ್ಲಿ ಕುಳಿತ ಐದು ನಿಮಿಷ ಅದು ಹೂವಿನ ಹಾಗಿರುತ್ತದೆ. ವರ್ಷ ತುಂಬುವುದರೊಳಗೆ ಸೊಂಟ ಬೀಳುವ ಜಾಗದಲ್ಲಿ ತೊಟ್ಟಿಲು. ಫೋಮಿನ ಗುಳ್ಳೆಗಳ ಗೋಡೆ ತೆಳುವಾಗಿದ್ದಷ್ಟೂ ಬೇಗ ಒಡೆಯುತ್ತವೆ, ಒಡೆದದ್ದು ಮತ್ತೆ ಏಳುವುದಿಲ್ಲ. ದಿನನಿತ್ಯ ದೊಡ್ಡವರು ಮಲಗುವ ಹಾಸಿಗೆಗೆ 32ಕ್ಕಿಂತ ಕಡಿಮೆ ಬೇಡ. ಮೈತೂಕ 80 ಕಿಲೋ ದಾಟಿದವರಿಗೆ 40 ಇರಲಿ. ಒತ್ತಿದ ಜಾಗ ನಿಧಾನವಾಗಿ ಏಳುವ ಮೆಮೊರಿ ಫೋಮ್ ಆದರೆ 50ರಿಂದ ಮೇಲೆ, ರಬ್ಬರ್ ಹಾಲಿನಿಂದ ಮಾಡಿದ ಲೇಟೆಕ್ಸ್ ಆದರೆ 65ರಿಂದ ಮೇಲೆ.

ಅಂಗಡಿಯವನು ಹೇಳಿದ ಡೆನ್ಸಿಟಿ ನಿಜವೇ ಎಂದು ಮನೆಯಲ್ಲೇ ಲೆಕ್ಕ ಹಾಕಬಹುದು. ಹಾಸಿಗೆಯ ಉದ್ದ, ಅಗಲ, ದಪ್ಪವನ್ನು ಇಂಚಿನಲ್ಲಿ ಅಳೆದು ಮೂರನ್ನೂ ಗುಣಿಸಿ. ಬಂದ ಸಂಖ್ಯೆಯನ್ನು 61,000ದಿಂದ ಭಾಗಿಸಿದರೆ ಘನ ಮೀಟರ್ ಸಿಗುತ್ತದೆ. 72 ಇಂಚು ಉದ್ದ, 36 ಅಗಲ, 6 ದಪ್ಪದ ಒಂಟಿ ಹಾಸಿಗೆ ತೆಗೆದುಕೊಳ್ಳಿ: ಗುಣಿಸಿದರೆ 15,552, ಭಾಗಿಸಿದರೆ ಸುಮಾರು 0.255. ಇದನ್ನು 32ರಿಂದ ಗುಣಿಸಿ, 8.2 ಕಿಲೋ. 40 ಡೆನ್ಸಿಟಿಯಾದರೆ 10.2 ಕಿಲೋ. 18ರದಾದರೆ ಬರೀ 4.6 ಕಿಲೋ. ಮೇಲಿನ ಹೊಲಿದ ಕವರಿಗೆ ಒಂದು, ಒಂದೂವರೆ ಕಿಲೋ ಬಿಟ್ಟುಬಿಡಿ. ಮೈತೂಕ ನೋಡುವ ಯಂತ್ರದ ಮೇಲೆ ಹಾಸಿಗೆಯನ್ನು ಸುತ್ತಿ ಹಿಡಿದುಕೊಂಡು ನಿಂತು, ಆಮೇಲೆ ಬರಿಗೈಯಲ್ಲಿ ನಿಂತು, ಎರಡರ ವ್ಯತ್ಯಾಸ ತೆಗೆದರೆ ಆಯಿತು. 32 ಎಂದು ಹೇಳಿ ಕೊಟ್ಟ ಹಾಸಿಗೆ ಕವರೂ ಸೇರಿ ಆರು ಕಿಲೋ ಬಂದರೆ ಮಾತು ಮುಗಿಯಿತು. ಆನ್‌ಲೈನಿನಲ್ಲಿ ಕೊಳ್ಳುವವರು ವಿವರದ ಪಟ್ಟಿಯಲ್ಲಿ ಸರಕಿನ ತೂಕ ಇದೆಯೇ ನೋಡಿ. ಇದ್ದರೆ ಹಾಸಿಗೆ ಮನೆಗೆ ಬರುವ ಮೊದಲೇ ಈ ಲೆಕ್ಕ ಮುಗಿಸಬಹುದು.

ತೂಕವನ್ನೂ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ ಅನ್ನಿ. ಫೋಮ್ ಮಾಡುವಾಗಲೇ ಸುಣ್ಣದ ಕಲ್ಲಿನ ಪುಡಿ ಬೆರೆಸಿ ತೂಕ ಏರಿಸುವುದುಂಟು. ಅಂಥ ಫೋಮಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿದರೆ ಬಿಳಿ ಹುಡಿ ಕೈಗೆ ಹತ್ತುತ್ತದೆ, ಚಿಕ್ಕ ತುಂಡನ್ನು ಎಳೆದರೆ ಹಿಗ್ಗದೆ ಮುರಿಯುತ್ತದೆ. ಇನ್ನೊಂದು ರೀಬಾಂಡೆಡ್ ಫೋಮ್. ಕತ್ತರಿಸಿ ಉಳಿದ ಚೂರುಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ ಬಣ್ಣಬಣ್ಣದ ಹಲಗೆ ಅದು. 80, 100 ಡೆನ್ಸಿಟಿ ತೂಗುತ್ತದೆ. ಗಟ್ಟಿ ತಳವಾಗಿ ಎರಡು ಮೂರು ಇಂಚು ಇದ್ದರೆ ತಪ್ಪಿಲ್ಲ. ಆದರೆ ಅದರ ತೂಕವನ್ನು ಇಡೀ ಹಾಸಿಗೆಯ ಗುಣವೆಂದು ತೋರಿಸುವುದು ಸರಿಯಲ್ಲ. ಹಾಗಾಗಿ ಪದರ ಪದರವಾಗಿ ಕೇಳಿ: ಎಷ್ಟು ಇಂಚು ಯಾವ ಫೋಮ್, ಯಾವ ಡೆನ್ಸಿಟಿ? ಆರು ಇಂಚಿನಲ್ಲಿ ಮೇಲಿನ ಒಂದೇ ಇಂಚು ಮೆಮೊರಿ ಫೋಮ್ ಇದ್ದರೂ ಹೆಸರು ಮಾತ್ರ ಮೆಮೊರಿ ಫೋಮ್ ಹಾಸಿಗೆ. ಕವರಿಗೆ ಜಿಪ್ ಇದ್ದರೆ ಎಳೆದು ನೋಡಲು ಸಂಕೋಚ ಬೇಡ.

ಡೆನ್ಸಿಟಿ ಬೇರೆ, ಗಟ್ಟಿತನ ಬೇರೆ. ಇವೆರಡನ್ನು ಅಂಗಡಿಯ ಹುಡುಗರೂ ಕಲಸಿಬಿಡುತ್ತಾರೆ. ಡೆನ್ಸಿಟಿ ಬಾಳಿಕೆಯ ಮಾತು, ಗಟ್ಟಿತನ ಒತ್ತಿದಾಗ ಎಷ್ಟು ಇಳಿಯುತ್ತದೆ ಎಂಬ ಮಾತು. 50 ಡೆನ್ಸಿಟಿಯ ಫೋಮ್ ಬೆಣ್ಣೆಯಂತಿರಬಹುದು, 23ರದು ಹಲಗೆಯಂತಿರಬಹುದು. ಬೆನ್ನುನೋವು ಬಂದ ಕೂಡಲೇ ‘ಹಲಗೆಯ ಮೇಲೆ ಮಲಗಿ’ ಎನ್ನುವ ಹಳೆಯ ಸಲಹೆ ನಮ್ಮಲ್ಲಿ ಇನ್ನೂ ಓಡಾಡುತ್ತಿದೆ. 2003ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಸ್ಪೇನಿನ ವೈದ್ಯರ ಅಧ್ಯಯನವೊಂದು ಪ್ರಕಟವಾಯಿತು. ಬಹುಕಾಲದ ಸೊಂಟನೋವಿದ್ದ 313 ಮಂದಿಯಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆ, ಉಳಿದವರಿಗೆ ಮಧ್ಯಮ ಗಟ್ಟಿಯದು ಕೊಟ್ಟು 90 ದಿನ ನೋಡಿದರು. ಮಧ್ಯಮ ಗಟ್ಟಿಯದರಲ್ಲಿ ಮಲಗಿದವರಿಗೇ ಹೆಚ್ಚು ಆರಾಮ ಕಂಡಿತು. ‘ಆರ್ಥೋಪೆಡಿಕ್’ ಎಂದು ಹಾಸಿಗೆಯ ಮೇಲೆ ಬರೆದಿರುವುದು ಮಾರಾಟದ ಪದ, ವೈದ್ಯರ ಚೀಟಿಯಲ್ಲ. ನೋಡುವ ವಿಧಾನ ಸುಲಭ. ಅಂಗಡಿಯಲ್ಲಿ ಚಪ್ಪಲಿ ಬಿಟ್ಟು, ನೀವು ದಿನಾ ಮಲಗುವ ಭಂಗಿಯಲ್ಲೇ ಹತ್ತು ನಿಮಿಷ ಮಲಗಿ. ಅಂಗಾತ ಮಲಗಿದಾಗ ಸೊಂಟದ ಕೆಳಗೆ ಅಂಗೈ ತೂರಿಸಿ. ಸರಾಗವಾಗಿ ಆಚೆ ಹೋದರೆ ಹಾಸಿಗೆ ನಿಮಗೆ ಗಟ್ಟಿಯಾಯಿತು. ತೂರಲೇ ಇಲ್ಲವೆಂದರೆ ಮೆತ್ತಗಾಯಿತು. ಸ್ವಲ್ಪ ಬಿಗಿಯಾಗಿ ಹೋಗಬೇಕು. ಮಗ್ಗುಲಲ್ಲಿ ಮಲಗುವವರಿಗೆ ಹೆಗಲು ಇಳಿಯಲು ಎಡೆ ಬೇಕು, ಇಲ್ಲದಿದ್ದರೆ ಬೆಳಿಗ್ಗೆ ತೋಳು ಜೋಮು ಹಿಡಿಯುತ್ತದೆ. ಜತೆಯಲ್ಲಿ ಮಲಗುವ ಇಬ್ಬರೂ ಅಂಗಡಿಗೆ ಹೋಗಿ. 52 ಕಿಲೋದವರಿಗೆ ಸರಿಹೋದದ್ದು 90 ಕಿಲೋದವರಿಗೆ ಹೊಂಡವಾಗುತ್ತದೆ.

ಈಗ ಹತ್ತಿ ಗಾದಿಗೆ ಬರೋಣ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯಬೇಕು, ಏಕೆಂದರೆ ಅರಳೆಯನ್ನು ಬಿಲ್ಲಿನಿಂದ ಹಿಂಜುತ್ತಿದ್ದ ಪಿಂಜಾರ, ನದಾಫರ ಅಂಗಡಿಗಳು ಊರೂರಲ್ಲಿ ಕಡಿಮೆಯಾದ ಮೇಲೆ ಹತ್ತಿಯ ಗುಣ ನೋಡುವ ಕಣ್ಣೂ ಮಂಕಾಗಿದೆ. ಗಾದಿಗೆ ಉದ್ದ ಎಳೆಯ ನಯವಾದ ಹತ್ತಿ ಬೇಕಿಲ್ಲ. ಧಾರವಾಡದಲ್ಲೇ ರೂಪುಗೊಂಡ ಡಿಸಿಎಚ್-32 ತಳಿಯಂಥ ಉದ್ದ ಎಳೆಯ ಹತ್ತಿ ತೆಳು ನೂಲಿಗೆ ಚಿನ್ನ, ಗಾದಿಗೆ ಅಷ್ಟಕ್ಕಷ್ಟೆ: ನಯವಾದ ಎಳೆ ಮೈಭಾರಕ್ಕೆ ಒಂದಕ್ಕೊಂದು ಅಂಟಿ ಚಪ್ಪಟೆಯಾಗುತ್ತದೆ. ಗಿಡ್ಡ ಎಳೆಯ, ಒರಟು ಮೈಯ ಜವಾರಿ ಹತ್ತಿ ಸ್ಪ್ರಿಂಗಿನಂತೆ ಪುಟಿಯುತ್ತದೆ. ಧಾರವಾಡ, ಗದಗ ಕಡೆಯ ಜಯಧರ ಈ ಜಾತಿಯದು. ಕುಲಾಂತರಿ ಬಿಟಿ ಹತ್ತಿ ಬಂದ ಮೇಲೆ ಜವಾರಿ ಬಿತ್ತನೆ ಕುಗ್ಗಿದೆ, ಅದಕ್ಕೇ ಬೆಲೆಯೂ ಏರಿದೆ. ಕಡಿಮೆ ಬೆಲೆಯ ಗಾದಿಯಲ್ಲಿ ಇರುವುದು ಬಹುಪಾಲು ಗಿರಣಿಯಲ್ಲಿ ಉದುರಿದ ಹತ್ತಿ, ಅದಕ್ಕೂ ಕೆಳಗಿನದು ಹಳೆಯ ಬಟ್ಟೆ, ದರ್ಜಿ ಚಿಂದಿಯನ್ನು ಯಂತ್ರದಲ್ಲಿ ಚಿಂದಿಚೂರು ಮಾಡಿದ ತುಂಬು. ಈ ಚಿಂದಿ ತುಂಬಿನಲ್ಲಿ ಅಲ್ಲಲ್ಲಿ ಬಣ್ಣದ ನೂಲು ಕಾಣುತ್ತದೆ, ಹಿಡಿಯಲ್ಲಿ ಹಿಂಡಿ ಬಿಟ್ಟರೆ ಉಂಡೆಯಾಗಿಯೇ ಉಳಿಯುತ್ತದೆ. ಒಳ್ಳೆಯ ಹತ್ತಿಯಾದರೆ ಬಿಟ್ಟ ಕೂಡಲೇ ಅರಳುತ್ತದೆ. ಚಿಟಿಕೆಯಷ್ಟು ತೆಗೆದು ಬೆಂಕಿ ಮುಟ್ಟಿಸಿ: ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಉದುರುವ ಬೂದಿ ಬಂದರೆ ಹತ್ತಿ. ಕಪ್ಪಗೆ ಕರಗಿ ಮಣಿಯಂತೆ ಗಟ್ಟಿಯಾದರೆ ಪಾಲಿಯೆಸ್ಟರ್ ಸೇರಿದೆ.

ಅಳತೆಯ ಲೆಕ್ಕ ಹೀಗೆ: 6×3 ಅಡಿಯ, ನಾಲ್ಕು ಇಂಚು ದಪ್ಪದ ಗಾದಿಗೆ 10ರಿಂದ 12 ಕಿಲೋ ಹತ್ತಿ ಬೇಕು. 6×5 ಅಡಿಗೆ 17ರಿಂದ 20. 6×6ಕ್ಕೆ 20ರಿಂದ 24. ಏಳೆಂಟು ಕಿಲೋದಲ್ಲಿ 6×3 ಕಟ್ಟಿಕೊಟ್ಟರೆ ಮೊದಲ ದಿನ ಉಬ್ಬಿಕೊಂಡೇ ಇರುತ್ತದೆ, ಆರು ತಿಂಗಳಿಗೆ ಮಂಚದ ಪಟ್ಟಿ ಬೆನ್ನಿಗೆ ಹತ್ತುತ್ತದೆ. ಹತ್ತಿಯನ್ನು ನಿಮ್ಮೆದುರೇ, ಹಿಂಜುವ ಮೊದಲು ತೂಗಿಸಿ. ಮಳೆಗಾಲದ ಹತ್ತಿ ಗಾಳಿಯ ತೇವ ಕುಡಿದು ಭಾರವಾಗಿರುತ್ತದೆ, ಕೆಲವರು ನೀರು ಚಿಮುಕಿಸುವುದೂ ಉಂಟು. ಗಂಟಿನ ನಡುವೆ ಕೈ ಹಾಕಿದಾಗ ತಣ್ಣಗೆ ತಾಗಿದರೆ ಆ ದಿನ ವಾಪಸ್ಸು ಬನ್ನಿ. ಮೇಲಿನ ಬಟ್ಟೆ ಒತ್ತಾದ ನೇಯ್ಗೆಯ ಡ್ರಿಲ್ ಇರಬೇಕು, ಬೆಳಕಿಗೆ ಹಿಡಿದರೆ ಸಂದು ಕಾಣಬಾರದು. ಸಂದು ಇದ್ದಲ್ಲಿ ಹತ್ತಿಯ ಎಳೆ ಹೊರಗೆ ತೂರಿ ಬಂದು, ಚಾದರದ ಮೇಲೆಲ್ಲ ಬಿಳಿ ದೂಳು.

ಗಾದಿ ಗಂಟು ಕಟ್ಟುವುದು ಹತ್ತಿ ಕೆಟ್ಟದ್ದಾಗಿ ಮಾತ್ರವಲ್ಲ, ಟಾಕಿ ಕಡಿಮೆಯಾಗಿಯೂ. ದಬ್ಬಣದಲ್ಲಿ ಹುರಿ ಪೋಣಿಸಿ ಮೇಲಿಂದ ಕೆಳಕ್ಕೆ ಹಾಕುವ ಟಾಕಿಗಳ ನಡುವೆ ಆರರಿಂದ ಎಂಟು ಇಂಚಿಗಿಂತ ಹೆಚ್ಚು ಅಂತರ ಇರಬಾರದು. ಒಂದು ಅಡಿಗೊಂದು ಟಾಕಿ ಹಾಕಿದರೆ ಕೂಲಿ ಉಳಿಯುತ್ತದೆ, ಹತ್ತಿ ಮಾತ್ರ ಅಂಚಿಗೆ ಸರಿದು ನಡುವೆ ಬರಿಬಟ್ಟೆ. ಹುರಿಯನ್ನು ತೀರಾ ಬಿಗಿದರೂ ತೊಂದರೆಯೇ. ಆ ಜಾಗದಲ್ಲಿ ಕುಣಿಬಿದ್ದು, ಬಟ್ಟೆ ಮೊದಲು ಹರಿಯುವುದು ಅಲ್ಲೇ. ಎರಡು ತೋರುಬೆರಳು ಆಚೆ ಈಚೆ ಒತ್ತಿದರೆ ಒಂದೂವರೆ, ಎರಡು ಇಂಚಿನ ಅಂತರ ಉಳಿಯಬೇಕು. ಕಟ್ಟಿದ ಗಾದಿಯನ್ನು ಎತ್ತಿ ಬೆಳಕಿನ ಎದುರು ನಿಲ್ಲಿಸಿ ನೋಡಿದರೆ ತೆಳುವಾದ ತಾಣ ತಾನಾಗಿ ಕಾಣುತ್ತದೆ.

ನಾರಿನ ಹಾಸಿಗೆ ನಮ್ಮ ತಿಪಟೂರು, ಅರಸೀಕೆರೆ ತೆಂಗಿನ ಸೀಮೆಯವರಿಗೆ ಹೊಸದೇನಲ್ಲ. ನಾರನ್ನು ಹುರಿ ಮಾಡಿ ಸುರುಳಿ ಕೂರಿಸಿ, ಬಿಚ್ಚಿ, ರಬ್ಬರ್ ಹಾಲು ಸಿಂಪಡಿಸಿ, ಒತ್ತಿ ಬೇಯಿಸಿದ ಹಾಳೆಗಳು ಅವು. ರಬ್ಬರ್ ಹಾಲು ಕಡಿಮೆ ಹಾಕಿದ ಹಾಳೆಯಲ್ಲಿ ನಾರು ಸಡಿಲವಾಗಿ ಪುಡಿ ಬೀಳುತ್ತದೆ. ಹಾಸಿಗೆಯ ಒಂದು ಮೂಲೆ ಮಡಚಿ ಬಿಡಿ. ಚಟ್ಟನೆ ನೇರವಾಗಬೇಕು, ಕೊಡವಿದರೆ ಕಂದು ಹುಡಿ ಉದುರಬಾರದು. ಗಾಳಿ ಆಡುವುದರಿಂದ ಬಯಲುಸೀಮೆಯ ಸೆಕೆಗೂ ಕರಾವಳಿಯ ಬೆವರಿಗೂ ಇದು ಒಗ್ಗುತ್ತದೆ. ‘ನಾರು ಚೆನ್ನಾಗಿದೆ, ಮೇಲಿನ ಫೋಮ್ ಹೋಯಿತು’ ಎನ್ನುವ ದೂರು ಇದರಲ್ಲಿ ಸಾಮಾನ್ಯ. ನಾರಿನ ಮೇಲೆ ಹಾಸುವ ಆ ಒಂದು ಇಂಚು ಫೋಮಿನಲ್ಲೇ ಉಳಿತಾಯ ಮಾಡಿರುತ್ತಾರೆ. ಅದರ ಡೆನ್ಸಿಟಿಯನ್ನೂ ಕೇಳಿ ಬರೆಸಿಕೊಳ್ಳಿ. ಸ್ಪ್ರಿಂಗ್ ಹಾಸಿಗೆಯ ಬಗ್ಗೆ ಎರಡೇ ಮಾತು. ತಂತಿಯ ಗೇಜ್ ಸಂಖ್ಯೆ ಏರಿದಷ್ಟೂ ತಂತಿ ತೆಳು ಎಂಬುದು ನೆನಪಿರಲಿ. ಕೊಳ್ಳುವ ಮೊದಲು ಮೆಟ್ಟಿಲಿನ ತಿರುವನ್ನೂ ಲಿಫ್ಟನ್ನೂ ಅಳೆಯಿರಿ, ಏಕೆಂದರೆ 78×72ರ ಸ್ಪ್ರಿಂಗ್ ಹಾಸಿಗೆ ಮಡಚುವುದಿಲ್ಲ. ಸಮುದ್ರದ ಉಪ್ಪುಗಾಳಿ ಬೀಸುವ ಊರಲ್ಲಿ ತುಕ್ಕಿನ ಯೋಚನೆಯೂ ಇರಲಿ.

ಒಳ್ಳೆಯ ಹಾಸಿಗೆಯನ್ನು ಕೆಡಿಸುವುದು ಹೆಚ್ಚಾಗಿ ಅದರ ಕೆಳಗಿನದು ಮತ್ತು ಮೇಲಿನ ಬಿಸಿಲು. ಪಟ್ಟಿ ಮಂಚವಾದರೆ ಪಟ್ಟಿಗಳ ನಡುವಿನ ಸಂದು ಮೂರು ಇಂಚು ಮೀರಬಾರದು. ಐದು ಅಡಿಗಿಂತ ಅಗಲದ ಮಂಚಕ್ಕೆ ನಡುವೆ ಒಂದು ಕಾಲು ಬೇಕೇ ಬೇಕು. ಸಾಮಾನು ತುಂಬುವ ಪೆಟ್ಟಿಗೆ ಮಂಚಗಳಲ್ಲಿ ಪ್ಲೈವುಡ್ ಮುಚ್ಚಳ ಹಾಸಿಗೆಯ ಉಸಿರು ಕಟ್ಟಿಸುತ್ತದೆ. ಎಂಟೆಂಟು ಇಂಚಿಗೆ ಒಂದು ಇಂಚಿನ ತೂತು ಕೊರೆಸಲು ಬಡಗಿಗೆ ಅರ್ಧ ಗಂಟೆಯ ಕೆಲಸ. ನವಾರು ಮಂಚದ ಮೇಲೆ ಫೋಮ್ ಹಾಕಿ ‘ಕುಸಿಯಿತು’ ಎಂದರೆ ತಪ್ಪು ಫೋಮಿನದಲ್ಲ, ಅಲ್ಲಿಗೆ ಹತ್ತಿ ಗಾದಿಯೇ ಸರಿ. ನೆಲದ ಮೇಲೆ ಹಾಸುವವರು ಟೈಲ್ಸಿಗೆ ನೇರ ಹಾಸಬೇಡಿ. ಮೈಯ ಬೆವರಿನ ಆವಿ ಕೆಳಗಿಳಿದು ತಣ್ಣನೆಯ ನೆಲಕ್ಕೆ ತಾಗಿ ನೀರಾಗುತ್ತದೆ, ಒಂದು ವಾರ ಎತ್ತದಿದ್ದರೆ ಅಡಿಯಲ್ಲಿ ಕಪ್ಪು ಚುಕ್ಕಿಯ ಬೂಷ್ಟು. ಕೆಳಗೆ ಚಾಪೆಯೋ ಜಮಖಾನೆಯೋ ಹಾಸಿ, ಬೆಳಿಗ್ಗೆ ಎತ್ತಿ ಗೋಡೆಗೆ ಒರಗಿಸಿ. ಜಮಖಾನೆ ಸಾದಾದು ಸಾಕು. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ನವಲಗುಂದದ ಚಿತ್ತಾರದ ಜಮಖಾನೆಯನ್ನು ಗಾದಿಯ ಅಡಿಗೆ ತುರುಕುವುದು ಅದನ್ನು ನೇಯ್ದ ಹೆಣ್ಣುಮಕ್ಕಳ ಕೈಗೆ ಮಾಡುವ ಅವಮಾನ.

ಬಿಸಿಲಿನ ವಿಷಯದಲ್ಲಿ ನಮ್ಮ ಅಭ್ಯಾಸ ಹತ್ತಿ ಗಾದಿಯ ಕಾಲದ್ದು. ಹತ್ತಿಗೂ ಬೂರುಗದ ಮರದ ಹತ್ತಿಗೂ ಬಿಸಿಲು ಔಷಧಿ: ಹದಿನೈದು ದಿನಕ್ಕೊಮ್ಮೆ ಒಂದೊಂದು ಮಗ್ಗುಲು ಎರಡು ತಾಸು ಕಾಯಿಸಿ, ಕೋಲಿನಿಂದ ಬಡಿಯಿರಿ, ಸಂಜೆ ಇಬ್ಬನಿ ಬೀಳುವ ಮೊದಲು ಒಳಗೆ ತನ್ನಿ. ಇದೇ ಉಪಚಾರವನ್ನು ಫೋಮಿಗೂ ಲೇಟೆಕ್ಸಿಗೂ ಮಾಡಿ ತಾರಸಿಯಲ್ಲಿ ಮಲಗಿಸುವವರು ಬಹಳ. ಬಿಸಿಲಿನ ನೇರಳಾತೀತ ಕಿರಣಕ್ಕೆ ಫೋಮ್ ಹಳದಿಯಾಗಿ ಬಿಸ್ಕತ್ತಿನಂತೆ ಉದುರುತ್ತದೆ, ಲೇಟೆಕ್ಸ್ ಗಡಸಾಗಿ ಬಿರಿಯುತ್ತದೆ. ಅವುಗಳಿಗೆ ಬೇಕಾದದ್ದು ನೆರಳು ಮತ್ತು ಗಾಳಿ. ಕಿಟಕಿ ತೆಗೆದು ಫ್ಯಾನಿನ ಕೆಳಗೆ ಅರ್ಧ ದಿನ ಅಂಚಿನ ಮೇಲೆ ನಿಲ್ಲಿಸಿದರೆ ಸಾಕು. ಸುರುಳಿ ಸುತ್ತಿ ಬಂದ ಫೋಮ್ ಹಾಸಿಗೆಯನ್ನು ಬಂದ ದಿನವೇ ಬಿಚ್ಚಿ. ಪೂರ್ತಿ ಏಳಲು ಒಂದರಿಂದ ಮೂರು ದಿನ ಬೇಕು. ಮನೆ ಗೃಹಪ್ರವೇಶಕ್ಕೆಂದು ಮೊದಲೇ ತರಿಸಿ ನಾಲ್ಕೈದು ತಿಂಗಳು ಸುರುಳಿಯಲ್ಲೇ ಬಿಟ್ಟದ್ದು ಪೂರ್ತಿ ಎದ್ದೀತೆಂಬ ಭರವಸೆ ಇಲ್ಲ.

ದಿಂಬಿನಲ್ಲೂ ತೂಕವೇ. 17×27 ಇಂಚಿನ ತಲೆದಿಂಬಿಗೆ ಬೂರುಗದ ಹತ್ತಿಯಾದರೆ ಸುಮಾರು ಒಂದು ಕಿಲೋ, ಸಾದಾ ಹತ್ತಿಯಾದರೆ ಒಂದೂವರೆ, ಟೊಳ್ಳು ಎಳೆಯ ಪಾಲಿಯೆಸ್ಟರ್ ಫೈಬರ್ ಆದರೆ 700 ಗ್ರಾಮಿಗೆ ಕಡಿಮೆ ಬೇಡ. ಹಬ್ಬದ ಉಚಿತ ದಿಂಬನ್ನು ತಕ್ಕಡಿಗೆ ಹಾಕಿದರೆ ಅದೇಕೆ ಉಚಿತ ಎಂದು ಗೊತ್ತಾಗುತ್ತದೆ. ಬೂರುಗ ಎಂದು ಹೇಳಿ ಸಾದಾ ಹತ್ತಿ ಬೆರೆಸುವುದು ಹಳೆಯ ಚಾಳಿ. ಚಿಟಿಕೆ ಹತ್ತಿಯನ್ನು ಲೋಟದ ನೀರಿನೊಳಗೆ ಬೆರಳಿನಿಂದ ಮುಳುಗಿಸಿ ಹಿಂಡಿ ಬಿಡಿ. ಬರೀ ಮೇಲೆ ಹಾಕಿ ನೋಡಿದರೆ ಸಾಲದು, ಕಚ್ಚಾ ಹತ್ತಿಯ ಮೇಲೂ ಮೇಣದ ಲೇಪ ಇರುವುದರಿಂದ ಸ್ವಲ್ಪ ಹೊತ್ತು ತೇಲುತ್ತದೆ. ಹಿಂಡಿದ ಮೇಲೆ ಹತ್ತಿ ನೀರು ಕುಡಿದು ತಳ ಸೇರುತ್ತದೆ, ಬೂರುಗ ಬೆಂಡಿನಂತೆ ಪುಟಿದು ಮೇಲೆ ಬರುತ್ತದೆ. ಬೂರುಗವನ್ನು ಒಗೆಯಬಾರದು, ಯಂತ್ರದಲ್ಲಿ ಹಿಂಜಿಸಲೂ ಬಾರದು. ಅದರ ಎಳೆ ಪೊಳ್ಳು, ಮುರಿದರೆ ಹುಡಿಯಾಗುತ್ತದೆ. ಕೈಯಲ್ಲಿ ಬಿಡಿಸಿ ಬಿಸಿಲಿಗಿಟ್ಟರೆ ಉಬ್ಬುತ್ತದೆ. ಎತ್ತರ ಎಷ್ಟಿರಬೇಕೆಂದರೆ, ಮಗ್ಗುಲಲ್ಲಿ ಮಲಗುವವರಿಗೆ ಕತ್ತಿನಿಂದ ಹೆಗಲ ತುದಿಯವರೆಗಿನ ಅಂತರದಷ್ಟು, ಅಂಗಾತ ಮಲಗುವವರಿಗೆ ತಲೆ ಇಟ್ಟು ಒತ್ತಿದ ಮೇಲೆ ಮೂರು ಇಂಚಿನ ಆಸುಪಾಸು. ಫೈಬರ್ ದಿಂಬನ್ನು ಅರ್ಧಕ್ಕೆ ಮಡಚಿ ಬಿಟ್ಟಾಗ ತಾನಾಗಿ ಬಿಚ್ಚಿಕೊಳ್ಳದಿದ್ದರೆ ಅದರ ಆಯಸ್ಸು ಮುಗಿದಿದೆ. ವರ್ಷ ತುಂಬದ ಕೂಸುಗಳಿಗೆ ದಿಂಬೇ ಬೇಡವೆನ್ನುತ್ತಾರೆ ಮಕ್ಕಳ ವೈದ್ಯರು. ಗಟ್ಟಿಯಾದ ಸಮತಟ್ಟು ಹಾಸು ಸಾಕು.

ಬೆಡ್‌ಶೀಟಿಗೆ ಬಂದರೆ ‘600 ಥ್ರೆಡ್ ಕೌಂಟ್’ ಎಂಬ ಮಂತ್ರ. ಒಂದು ಚದರ ಇಂಚಿನಲ್ಲಿ ಹಾಸು (ಉದ್ದದ ನೂಲು), ಹೊಕ್ಕು (ಅಡ್ಡ ನೂಲು) ಎರಡೂ ಸೇರಿ ಎಷ್ಟು ನೂಲು ಎಂಬ ಲೆಕ್ಕ ಅದು. ಎರಡು ಮೂರು ಎಳೆ ಹೊಸೆದ ನೂಲನ್ನು ಎರಡು ಮೂರಾಗಿ ಎಣಿಸಿ ಸಂಖ್ಯೆ ಏರಿಸುತ್ತಾರೆ. ನಮ್ಮ ಸೆಕೆಗೆ 200ರಿಂದ 300ರ ಸಾದಾ ನೇಯ್ಗೆಯ ಹತ್ತಿ ಸಾಕು, ಅದಕ್ಕಿಂತ ಒತ್ತಾದರೆ ಗಾಳಿ ಆಡುವುದಿಲ್ಲ. ಮಿನುಗುವ ಸ್ಯಾಟೀನ್ ನೇಯ್ಗೆ ನಯ, ಆದರೆ ಬೇಗ ಜುಂಗು ಏಳುತ್ತದೆ. ಇಲ್ಲೂ ತಕ್ಕಡಿ ಸುಳ್ಳು ಹೇಳುವುದಿಲ್ಲ: 90×108 ಇಂಚಿನ ಹಾಸು ಅಂದಾಜು 6.3 ಚದರ ಮೀಟರ್, ಚದರ ಮೀಟರಿಗೆ 120ರಿಂದ 140 ಗ್ರಾಂ ಎಂದರೆ ಹಾಸೊಂದೇ 750ರಿಂದ 880 ಗ್ರಾಂ. ಎರಡು ದಿಂಬಿನ ಗಲೀಫೂ ಸೇರಿ 550 ಗ್ರಾಂ ತೂಗುವ ‘ಗ್ಲೇಸ್ ಕಾಟನ್’ ಸೆಟ್ ಹತ್ತಿಯಲ್ಲ, ತೆಳು ಪಾಲಿಯೆಸ್ಟರ್. ಅಂಚಿನ ಒಂದು ನೂಲು ಸುಟ್ಟು ನೋಡಿದರೆ ಮಣಿ ಕಟ್ಟುತ್ತದೆ. ಹೊಸ ಹಾಸಿನ ಗಂಜಿಯೂ ತೂಕ ಕೊಡುತ್ತದೆ, ಎರಡು ಬೆರಳಿನ ನಡುವೆ ತಿಕ್ಕಿದರೆ ಬಿಳಿ ಪುಡಿ ಉದುರಿ ಬಟ್ಟೆ ಜಾಳಾಗುವುದು ಕಂಡೀತು.

ಅಳತೆಯನ್ನು ಹಾಸಿಗೆ ನೋಡಿ ಕೊಳ್ಳಿ. ಅಗಲ 60, ದಪ್ಪ 6 ಇದ್ದರೆ ಎರಡೂ ಕಡೆ ಇಳಿಯಲು 12, ಕೆಳಗೆ ಸಿಕ್ಕಿಸಲು ಎಂಟೆಂಟರಂತೆ 16, ಒಟ್ಟು 88. ಹಾಗಾಗಿ 90 ಅಗಲದ್ದು ಸರಿ. 78 ಉದ್ದಕ್ಕೆ ಇದೇ ಲೆಕ್ಕದಲ್ಲಿ 106, ಅಂದರೆ 108ರ ಹಾಸು. ಹತ್ತಿ ಮೊದಲೆರಡು ಒಗೆತದಲ್ಲಿ ನೂರಕ್ಕೆ ಮೂರರಿಂದ ಐದು ಭಾಗ ಕುಗ್ಗುತ್ತದೆ. ಹೊಲಿದ 100 ಇಂಚಿನ ಹಾಸು 95ಕ್ಕೆ ಇಳಿದು ಕಾಲಬುಡದಲ್ಲಿ ಕಿತ್ತುಕೊಂಡು ಬರುವುದು ಇದರಿಂದಲೇ. ಎಂಟಿಂಚಿನ ಹಾಸಿಗೆ ಕೊಳ್ಳುವವರು ಮನೆಯ ಹಳೆಯ ಹಾಸುಗಳೂ, ಸೊಳ್ಳೆಪರದೆಯೂ ಸಾಲದೆ ಬರುವ ಖರ್ಚನ್ನೂ ಸೇರಿಸಿಕೊಳ್ಳಲಿ. ಮಂಚ ಸೇರಿ ನೆಲದಿಂದ 18–20 ಇಂಚು ಮೀರಿದರೆ ವಯಸ್ಸಾದವರ ಪಾದ ನೆಲಕ್ಕೆ ಊರುವುದಿಲ್ಲ. ಒದ್ದೆಯಾಗದಿರಲೆಂದು ಹಾಕುವ ಪ್ಲಾಸ್ಟಿಕ್ ಹಾಳೆ ಬೆವರು ಹಿಡಿದಿಡುತ್ತದೆ. ಹತ್ತಿಯ ಟೆರಿ ಬಟ್ಟೆಯ ಹಿಂದೆ ತೆಳು ಪಿಯು (ಪಾಲಿಯುರೆಥೇನ್) ಪೊರೆ ಅಂಟಿಸಿದ್ದು ಸಿಗುತ್ತದೆ, ಅದು ವಾಸಿ. ಅಥವಾ ಮೇಲೊಂದು ಕೌದಿ ಹಾಸಿ, ಹಳೆಯ ನೂಲಿನ ಸೀರೆಗಳದ್ದು. ಪಾಲಿಯೆಸ್ಟರ್ ಸೀರೆಯ ಕೌದಿ ನೋಡಲಷ್ಟೇ ಚೆಂದ, ಬೇಸಿಗೆಯಲ್ಲಿ ಮಲಗಿದರೆ ಮೈ ಬೇಯುತ್ತದೆ.

ಈಗ ವಾರಂಟಿ. ಸಾಮಾನ್ಯವಾಗಿ ಒಂದು, ಒಂದೂವರೆ ಇಂಚಿಗಿಂತ ಆಳವಾಗಿ ಕುಸಿದರೆ ಮಾತ್ರ ಅದು ಅನ್ವಯ, ಅದೂ ಯಾರೂ ಮಲಗಿಲ್ಲದಾಗ ಅಳೆದದ್ದು. ಕಲೆಯಾದರೆ, ಮಂಚ ಸರಿಯಿಲ್ಲದಿದ್ದರೆ ಇಲ್ಲ. ವರ್ಷ ಕಳೆದಂತೆ ನೀವು ಕೊಡಬೇಕಾದ ಪಾಲು ಏರುವ ಷರತ್ತೂ ಇರುತ್ತದೆ, ಓದಿ ನೋಡಿ. ಕಾನೂನು ಮಾಪನಶಾಸ್ತ್ರದ 2011ರ ಪೊಟ್ಟಣ ಸರಕುಗಳ ನಿಯಮ ತಯಾರಕರ ಹೆಸರು ವಿಳಾಸ, ತಿಂಗಳು ವರ್ಷ, ಅಳತೆ, ಗರಿಷ್ಠ ಮಾರಾಟ ಬೆಲೆ ಬರೆಯಲು ಹೇಳುತ್ತದೆ. ಒಳಗಿನ ಪದರಗಳ ಡೆನ್ಸಿಟಿ ಬರೆಯಲೇಬೇಕೆಂದು ಹೇಳುವುದಿಲ್ಲ. ಇದು ಬದಲಾಗಬೇಕು. ಪ್ರತಿ ಹಾಸಿಗೆಯ ಚೀಟಿಯಲ್ಲಿ ಒಟ್ಟು ತೂಕ, ಪ್ರತಿ ಪದರದ ದಪ್ಪ ಮತ್ತು ಡೆನ್ಸಿಟಿ, ಹತ್ತಿ ಗಾದಿಯಾದರೆ ಹತ್ತಿಯ ಕಿಲೋ ಮತ್ತು ಬಗೆ ಬರೆಯುವುದನ್ನು ಕಡ್ಡಾಯ ಮಾಡುವಂತೆ ರಾಜ್ಯದ ಕಾನೂನು ಮಾಪನಶಾಸ್ತ್ರ ಇಲಾಖೆ ಕೇಂದ್ರಕ್ಕೆ ಬರೆಯಲಿ. ಚೀಟಿ ಬರುವವರೆಗೆ ಈ ವಿವರಗಳನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆದದ್ದಕ್ಕೂ ತೂಗಿದ್ದಕ್ಕೂ ತಾಳೆಯಾಗದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ಸರಕಿನ ದೂರಿಗೆ ಶುಲ್ಕವೂ ಇಲ್ಲ.

‘ಹಳೆಯದು ಕೊಡಿ’ ಎಂಬ ಕೊಡುಗೆಗೆ ಒಪ್ಪುವ ಮೊದಲು ಅಟ್ಟದ ಮೇಲಿನ ಹತ್ತಿ ಗಾದಿಯ ಒಂದು ಮೂಲೆಯ ಹೊಲಿಗೆ ಬಿಚ್ಚಿ ನೋಡಿ. ಹತ್ತಿ ಬೆಳ್ಳಗೆ, ಬೂಷ್ಟು ವಾಸನೆಯಿಲ್ಲದೆ, ಹಿಂಡಿ ಬಿಟ್ಟಾಗ ಸ್ವಲ್ಪವಾದರೂ ಅರಳುವಂತಿದ್ದರೆ ಅದನ್ನು ಕೆಲವು ನೂರು ರೂಪಾಯಿಗೆ ಬಿಟ್ಟುಕೊಡಬೇಡಿ. ಹಿಂಜುವವರ ಹತ್ತಿರ ಹಾಕುವಾಗ ತೂಗಿಸಿ ಬರೆದಿಟ್ಟುಕೊಳ್ಳಿ. ಧೂಳು, ಮುರಿದ ಎಳೆ ಎಂದು ನೂರಕ್ಕೆ ಐದರಿಂದ ಹತ್ತು ಭಾಗ ಹೋಗುವುದು ಸಹಜ. 12 ಕಿಲೋ ಹಾಕಿದ್ದು 11 ಆಗಿ ಬಂದರೆ ಜಗಳವಿಲ್ಲ, ಒಂಬತ್ತಾಗಿ ಬಂದರೆ ಕೇಳಿ. ಅದಕ್ಕೆ ಒಂದೆರಡು ಕಿಲೋ ಹೊಸ ಜವಾರಿ ಹತ್ತಿ ಸೇರಿಸಿ, ಹೊಸ ಡ್ರಿಲ್ ಬಟ್ಟೆ ಕೊಟ್ಟರೆ ಇನ್ನೂ ಎರಡು ಮೂರು ವರ್ಷ ಹಿಂಜಿಸುವ ಮಾತಿಲ್ಲ. ಮಳೆ ನಿಂತು ಹವೆ ಒಣಗಿದ ಮೇಲೆ, ಅಂದರೆ ದೀಪಾವಳಿ ಕಳೆದು ಹಾಕಿ. ಆಗ ಹತ್ತಿಯೂ ಹಗುರಾಗಿರುತ್ತದೆ, ಹಿಂಜುವವರಿಗೂ ಹಬ್ಬದ ಅವಸರ ಇರುವುದಿಲ್ಲ.

ಇತಿ,
ಗಾದಿ ಕಸುಬಿನ ಓದುಗರು, ದಾವಣಗೆರೆ